ಅಲುಗದ ಮನೆ
ಬಳ್ಳಾರಿ ಗಾಂಧಿನಗರದ ಸುಜಯೀಂದ್ರ ಯಾರ ಮನೆಗೆ ಹೋದರೂ ಮೊದಲು ಗೋಡೆಯ ಬಿರುಕು ನೋಡಿ ಆಮೇಲೆ ಕಾಫಿ ಮುಟ್ಟುವ ಆಸಾಮಿ. ಉಪಗ್ರಹದ ರಾಡಾರ್ ಚಿತ್ರಗಳಿಂದ ನೆಲದ ಏರಿಳಿತವನ್ನು ಮಿಲಿಮೀಟರಿನಲ್ಲಿ ಅಳೆಯುವುದು ಅವನ ಕೆಲಸ. ಹನ್ನೆರಡು ದಿನಕ್ಕೊಮ್ಮೆ ಹೊಸ ಚಿತ್ರ ಬರುವ ದಿನವೇ ಅವನಿಗೆ ಏಕಾದಶಿ, ಊಟದ ನೆನಪಿರದು. ಅಳತೆಗೆ ಅಲುಗದ ಜಾಗವೊಂದನ್ನು ಹಿಡಿದು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಬೇಕು. ಅವನು ಹಿಡಿದದ್ದು ತನ್ನ ಮನೆಯನ್ನೇ. “ಊರೆಲ್ಲಾ ಅಲುಗಿದ್ರೂ ನಮ್ಮನಿ ಅಲುಗಂಗಿಲ್ಲ” ಎನ್ನುತ್ತಿದ್ದ. ಕೂಸು ಹುಟ್ಟಿದಾಗಿನಿಂದ ಎಲ್ಲಕ್ಕೂ ಬೆಚ್ಚುವ ಹೆಂಡತಿ ಶ್ರೀವಲ್ಲಿ ಅದನ್ನೇ ನಂಬಿ ಮಲಗುತ್ತಿದ್ದಳು. ಇವತ್ತು ನಕಾಶೆಯಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಒಂದೇ ಅಳತೆಯಲ್ಲಿ ಮೇಲೆದ್ದಿದ್ದವು. “ಇಷ್ಟೂ ಊರು ಒಮ್ಮೆಲೇ ಹೆಂಗ ಏರ್ತಾವ್ರೀ?” ಎಂದಳು. ಅವನು ತೊಟ್ಟಿಲಿನ ಕೂಸನ್ನೆತ್ತಿ ಅವಳ ತೋಳಿಗಿಟ್ಟ. “ಅವು ಏರಿಲ್ಲ, ವಲ್ಲಿ. ನಮ್ಮನಿನೇ ಇಳೀಲಿಕ್ಕತ್ತದ. ಹೊರಗ ನಡಿ.”