ಮಿಲೂದನ ಕೀಲಿಕೈ, ಅಬ್ಬಾಸನ ಹಲ್ಲು

ಸಫಿ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ಡಬ್ಬಿಗೆ ಮುಚ್ಚಳ ಬಿಗಿಯುವ ಯಂತ್ರದ ಮುಂದೆ ನಿಲ್ಲುವ ಜುಬೈರನಿಗೆ ಊರವರು ಇಟ್ಟ ಹೆಸರು ‘ಮೀನು ಡಾಕ್ಟರು’. ಭಾನುವಾರ ಮಧ್ಯಾಹ್ನ ಯುವಕೇಂದ್ರದಲ್ಲಿ ಹದಿಹರೆಯದವರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಿದ್ದ. ಸಂಬಳವಿಲ್ಲ, ಪುದೀನ ಚಹಾ ಕೂಡ ಅವನೇ ಕುದಿಸಬೇಕು. ತಾನು ಈ ಕೆಲಸಕ್ಕೆ ಹುಟ್ಟಿದವನೆಂಬ ಭ್ರಮೆ ಅವನಿಗಿರಲಿಲ್ಲ. ತಾನು ಕಲಿಯಲು ಹೋದಾಗ ಕೆಂಪು ಬಣ್ಣ ಬಳಿದ ಹುಸಿ ಗಾಯ ಕಂಡು ದೊಪ್ಪನೆ ಬಿದ್ದು, ಅವತ್ತಿನ ಪಾಠಕ್ಕೆ ತಾನೇ ರೋಗಿಯಾಗಿದ್ದ.

ಅವನ ತರಗತಿಯ ಕಾಯಂ ರೋಗಿ ಸಿ ಬ್ರಾಹಿಂ, ಎಂದರೆ ಬ್ರಾಹಿಂ ಸಾಹೇಬರು. ಹಳೆಯ ಜೆಲ್ಲಾಬಾ ನಿಲುವಂಗಿಗೆ ಚಿಂದಿ ತುಂಬಿ ಹೊಲಿದ ಬೊಂಬೆ.

“ಉಸ್ತಾದ್, ಸಿ ಬ್ರಾಹಿಂ ಇವತ್ತೂ ಸತ್ರಾ? ವಾರವಾರ ಸಾಯೋದೂ ಒಂದು ನೌಕರೀನೇ ಬಿಡಿ!” ಎಂದು ಹುಡುಗರು ನಗುತ್ತಿದ್ದರು.

ಎದೆ ಒತ್ತುವುದು, ಪಟ್ಟಿ ಕಟ್ಟುವುದು ಎಲ್ಲ ಅವರ ಕೈಗೆ ಬೇಗ ಹತ್ತಿತು. ಹತ್ತದೆ ಉಳಿದದ್ದು ಗಂಟಲಿಗೆ. ‘ಹಿಂದೆ ಸರೀರಿ’ ಎನ್ನಲು ಹೇಳಿದರೆ ಹದಿನೈದರ ಗಿಜ್ಲಾನ್ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಅನ್ನುತ್ತಿದ್ದಳು.

“ಯಾರಿಗೆ ಹೇಳ್ತಿದೀಯಮ್ಮ? ಬೆಕ್ಕಿಗಾ?”

“ದೊಡ್ಡೋರ ಮೇಲೆ ಕಿರುಚಕ್ಕಾಗತ್ತಾ ಉಸ್ತಾದ್? ನಾಚಿಕೆಗೆಟ್ಟೋಳು ಅಂತಾರೆ.”

“ಅಂತಾರೆ. ಅನ್ನಿಸ್ಕೋ. ಬಿದ್ದೋನು ಬದುಕಲಿ.”

ಒಂದು ಸಂಜೆ ಪಾಳಿ ಮುಗಿಸಿ ಟ್ಯಾಕ್ಸಿ ನಿಲ್ದಾಣಕ್ಕೆ ಬಂದಾಗ ಜುಬೈರನಿಗೆ ಕಂಡದ್ದು ಜನರ ಬೆನ್ನುಗಳ ಗೋಡೆ. ನಡುವೆ, ಬಸವನಹುಳುವಿನ ಸಾರು ಮಾರುವ ಅಬ್ಬಾಸ್ ತನ್ನ ಗಾಡಿಯ ಪಕ್ಕದಲ್ಲೇ ಬಿದ್ದು ಫಿಟ್ಸ್‌ನಲ್ಲಿ ಅದುರುತ್ತಿದ್ದ. ಊರು ತನ್ನ ಅಜ್ಜಂದಿರ ಕಾಲದಿಂದ ಮಾಡುತ್ತ ಬಂದದ್ದನ್ನೇ ಮಾಡುತ್ತಿತ್ತು. ಕಬ್ಬಿಣ ಕಂಡರೆ ಮೈಮೇಲೆ ಬಂದದ್ದು ಓಡುತ್ತದಂತೆ! ಟ್ಯಾಕ್ಸಿ ಓಡಿಸುವ ಮಿಲೂದ್, ಗಿಜ್ಲಾನಳ ಚಿಕ್ಕಪ್ಪ, ತನ್ನ ಕೀಲಿಕೈ ಗೊಂಚಲನ್ನು ಅಬ್ಬಾಸನ ಮುಷ್ಟಿಯೊಳಗೆ ತುರುಕಿದ್ದ. ಇನ್ನೊಬ್ಬ ಸಾರಿನ ಚಮಚದಿಂದ ಅವನ ಹಲ್ಲು ಬಿಡಿಸಲು ಹೆಣಗುತ್ತಿದ್ದ. ಮತ್ತೊಬ್ಬ ಚೊಂಬಿನಲ್ಲಿ ನೀರು ಹಿಡಿದು ಸಜ್ಜಾಗಿದ್ದ.

ತನ್ನ ಮೈಯ ಮೀನಿನ ನಾತಕ್ಕಾದರೂ ಜನ ದಾರಿ ಬಿಟ್ಟಾರೆಂದುಕೊಂಡಿದ್ದ ಜುಬೈರ್ ಎರಡು ದಪ್ಪ ಹೆಗಲುಗಳ ನಡುವೆ ಡಬ್ಬಿಯೊಳಗಿನ ಮೀನಿನಂತೆಯೇ ಸಿಕ್ಕಿಕೊಂಡ. ಆಗ ಕೇಳಿತು, ಸೊಳ್ಳೆಯದಲ್ಲದ ದನಿ:

“ಚಮಚ ತೆಗೀರಿ! ನೀರು ಹಾಕ್ಬೇಡಿ! ಹಿಂದೆ ಸರೀರಿ ಎಲ್ಲಾ!”

ಗಿಜ್ಲಾನ್ ಚಮಚವನ್ನು ಕಿತ್ತು ಎಸೆದಳು. ಶಾಲೆಯ ಬಿಳಿ ಮೇಲಂಗಿಯನ್ನು ಸುರುಳಿ ಸುತ್ತಿ ಅಬ್ಬಾಸನ ತಲೆಯಡಿ ಇಟ್ಟಳು. ಅದುರು ನಿಂತದ್ದೇ ಅವನನ್ನು ಪಕ್ಕಕ್ಕೆ ಹೊರಳಿಸಿದಳು. ಬಾಯಿಂದ ನೊರೆ ಹೊರಗೆ ಹರಿದು ಉಸಿರು ಸಲೀಸಾಯಿತು. ಸ್ವಲ್ಪ ಹೊತ್ತಿಗೆ ಅಬ್ಬಾಸ್ ಕಣ್ಣು ಬಿಟ್ಟ.

“ನೋಡಿದ್ರಾ ನನ್ನ ಕೀಲಿಕೈ ಮಹಿಮೆ!” ಎಂದ ಮಿಲೂದ್. ಜನ ಅವನ ಬೆನ್ನು ತಟ್ಟಿದರು. ಅವನು ಗಿಜ್ಲಾನಳ ಕಡೆ ತಿರುಗಿ ಗದರಿದ: “ನಡೀ ಮನೆಗೆ! ಪರಗಂಡಸನ್ನ ನಡುಬೀದೀಲಿ ಮುಟ್ತೀಯಾ? ಆ ಮೀನಿನೋನ ಪಾಠ ಇವತ್ತಿಗೆ ಮುಗೀತು.”

ಜುಬೈರನಿಗೆ ಮೈಯೆಲ್ಲ ಉರಿಯಿತು. ಹಲ್ಲು ಮುರಿಯಲು ಹೊರಟವನಿಗೆ ನಾಚಿಕೆಯಿಲ್ಲ, ಪ್ರಜ್ಞೆಯಿಲ್ಲದವನ ಗಂಟಲಿಗೆ ನೀರು ಸುರಿಯಲು ನಿಂತವನಿಗೆ ನಾಚಿಕೆಯಿಲ್ಲ. ಉಸಿರು ಉಳಿಸಿದವಳು ಮಾತ್ರ ತಲೆ ತಗ್ಗಿಸಿ ನಡೆಯಬೇಕು! ತಿಂಗಳುಗಟ್ಟಲೆ ತಿದ್ದಿ ತೀಡಿ ಹೊರಡಿಸಿದ ಒಂದು ದನಿಯನ್ನು ಈ ಮನುಷ್ಯ ಒಂದೇ ಗದರಿಕೆಯಲ್ಲಿ ಮತ್ತೆ ಒಳಗೆ ದಬ್ಬಿದನಲ್ಲ!

ಮರುದಿನ ಅವನು ಕಾಫಿ ಅಂಗಡಿಗೆ ನುಗ್ಗಿದಾಗ ಮಿಲೂದ್ ಕೀಲಿಕೈ ಕಥೆಯನ್ನು ಹೊಸಬರಿಗೆ ಹೇಳುತ್ತಿದ್ದ.

“ಸಿ ಮಿಲೂದ್, ನಿಮ್ಮ ಕೀಲಿಕೈಗೆ ಅಷ್ಟು ಶಕ್ತಿಯಿದ್ರೆ ಆ ನಿಮ್ಮ ಟ್ಯಾಕ್ಸಿಯ ಕೈಗೂ ಒಂದು ಕೊಡಿ. ದಿನಾ ಬೆಳಿಗ್ಗೆ ತಳ್ಳೋದಾದ್ರೂ ತಪ್ಪತ್ತೆ.”

ಅಂಗಡಿ ಗೊಳ್ಳೆಂದಿತು. ಮಿಲೂದ್ ಕೆಂಪಾದ. “ಡಬ್ಬಿ ಮುಚ್ಚೋನೇ, ಬಾಯಿ ಮುಚ್ಚು. ನಮ್ಮ ಮನೆ ಹುಡುಗಿ, ನಮ್ಮ ಮಾನ.”

“ಮಾನ ಹೋಗಿದ್ದು ಚಮಚ ಹಿಡಿದೋರದ್ದು!”

ಮಿಲೂದ್ ಎದ್ದು ಎದುರಿಗೆ ಬಂದು ನಿಂತ. ಮಿಲೂದನ ತೋಳು ಕಂಡು ಜುಬೈರನಿಗೆ ತನ್ನ ಪಟ್ಟಿಯನ್ನು ತಾನೇ ಕಟ್ಟಿಕೊಳ್ಳುವ ಪಾಠ ಇನ್ನೂ ಬಂದಿಲ್ಲವೆಂಬುದು ನೆನಪಾಯಿತು. ಅಷ್ಟರಲ್ಲಿ ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿ ಅಬ್ಬಾಸ್ ಒಳಗೆ ಬಂದ. ಕೈಯಲ್ಲಿ ಒಗೆದು ಮಡಚಿದ ಬಿಳಿ ಮೇಲಂಗಿ.

“ಮಿಲೂದ್, ಇಲ್ಲಿ ನೋಡಪ್ಪ,” ಎಂದು ಬಾಯಿ ಅಗಲಿಸಿದ. ಮುಂದಿನ ಸಾಲಿನಲ್ಲಿ ಬಾಗಿಲಿನಂಥ ಕಂಡಿ. “ಎಳೇ ವಯಸ್ಸಿಂದ ಬೀಳ್ತಾ ಬಂದಿದೀನಿ. ಪ್ರತಿಸಲಾನೂ ಕೈಗೆ ಕೀಲಿಕೈ ಬರತ್ತೆ, ಬಾಯಿಂದ ಹಲ್ಲು ಹೋಗತ್ತೆ. ಊರಿನ ಅರ್ಧ ಬೀಗಗಳ ಕೀಲಿಕೈ ಹಿಡಿದಿದೀನಿ ಕಣಪ್ಪ. ಇದ್ದ ಹಲ್ಲು ಇದ್ದ ಹಾಗೇ ಎದ್ದಿದ್ದು ಇದೇ ಮೊದಲು. ಮುಟ್ಟಿದ್ದು ಪರಗಂಡಸನ್ನ ಅಂತೀಯಲ್ಲ, ಆ ಗಂಡಸು ನಾನು. ನನಗಿಲ್ಲದ ನಾಚಿಕೆ ನಿನಗ್ಯಾಕೆ?”

ಮೇಲಂಗಿಯನ್ನು ಮಿಲೂದನ ಕೈಯಲ್ಲಿಟ್ಟು ಅವನು ಸಾರು ಮಾರಲು ಹೋದ. ಮಿಲೂದ್ ಕ್ಷಮೆಗಿಮೆ ಏನೂ ಕೇಳಲಿಲ್ಲ. ಮೇಲಂಗಿಯ ಮಡಿಕೆ ಕೆಡದಂತೆ ಹಿಡಿದುಕೊಂಡು ಹೊರಟುಹೋದ.

ಭಾನುವಾರ ಯುವಕೇಂದ್ರದ ಮುಂದೆ ಟ್ಯಾಕ್ಸಿ ನಿಂತಿತು. ಗಿಜ್ಲಾನ್ ಇಳಿದಳು. ಮಿಲೂದ್ ಒಳಗೆ ಬರಲಿಲ್ಲ. ಕಿಟಕಿಯ ಹೊರಗೆ ನಿಂತು, “ಕೀಲಿಕೈಯಿಂದಾನೂ ಸ್ವಲ್ಪ ಆಗಿರತ್ತೆ” ಎಂದು ಯಾರಿಗೋ ಹೇಳುತ್ತಿದ್ದ. ಊರಿನ ತುಂಬ ಇನ್ನೂ ಅದೇ ಕಥೆ. ಜುಬೈರನ ಸಿಟ್ಟು ಇಳಿದಿರಲಿಲ್ಲ. ಹಲ್ಲು ಕಡಿಯುತ್ತಲೇ ಸಿ ಬ್ರಾಹಿಂನನ್ನು ನೆಲಕ್ಕೆ ಕೆಡವಿದ.

ಗಿಜ್ಲಾನ್ ಕಿಟಕಿಯತ್ತ ಒಮ್ಮೆ ನೋಡಿ, ಬೊಂಬೆಯ ಪಕ್ಕ ಮಂಡಿಯೂರಿದಳು.

“ಕೀಲಿಕೈ ಜೇಬಿಗೆ! ಹಿಂದೆ ಸರೀರಿ!”

ಹೊರಗೆ ನಿಂತಿದ್ದ ಮಿಲೂದ್ ಒಂದು ಹೆಜ್ಜೆ ಹಿಂದೆ ಸರಿದ.