ಒಡ್ಡಿನ ಮೇಲೆ ಕೆರೆದ ಮಣ್ಣು

ನಿನ್ನೆ ದೇವದುರ್ಗದ ಕಡೆಯ ನಮ್ಮೂರಿಗೆ ಹೋಗಿಬಂದೆ. ಇವತ್ತು ರಾಯಚೂರಿನ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ತೊಳೆಯುತ್ತ ಕೂತರೆ ಹಸಿ ಎರೆಮಣ್ಣಿನ ವಾಸನೆ ಮೂಗಿಗೆ ಬಡಿಯಿತು.

ಚಿಕ್ಕವಳಿದ್ದಾಗ ಮಳೆಯಾದ ಮರುದಿನ ಹೊಲದಲ್ಲಿ ನಡೆದರೆ ಆ ಮಣ್ಣು ಕಾಲಿಗೆ ಮುದ್ದೆಮುದ್ದೆಯಾಗಿ ಮೆತ್ತಿಕೊಳ್ಳುತ್ತಿತ್ತು. ಹಾಗೇ ಮನೆಗೆ ಹೊರಟರೆ ಅವ್ವ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು.

"ಹೊಲಾ ಎಲ್ಲಿಗಿ ಒಯ್ಯಾಕತ್ತೀ ಬೇ? ಒಡ್ಡಿನ ಮ್ಯಾಲ ಕೆರದು ಬಾ."

ಹೊಲದ ಅಂಚಿನ ಆ ಒಡ್ಡೇ ಮಳೆನೀರನ್ನು ತಡೆದು ನಿಲ್ಲಿಸುತ್ತಿದ್ದುದು. ಅವ್ವ ಮುರಿದ ಕುಡುಗೋಲಿನಿಂದ ತನ್ನ ಹಿಮ್ಮಡಿಯನ್ನೂ ಕೆರೆದು, ಆ ಮಣ್ಣನ್ನು ಒಡ್ಡಿನ ಮೇಲಿಟ್ಟು, ರೊಟ್ಟಿ ತಟ್ಟಿದ ಹಾಗೆ ತಟ್ಟುತ್ತಿದ್ದಳು. ಅವಳು ತೀರಿಕೊಂಡಾಗ ಆ ಒಡ್ಡಿನ ಮಗ್ಗುಲಲ್ಲೇ ಮಣ್ಣು ಮಾಡಿದೆವು.

ನಿನ್ನೆ ನೋಡಿದರೆ ಒಡ್ಡು ಇರಲಿಲ್ಲ.

"ಟ್ರ್ಯಾಕ್ಟರ್ ತಿರುಗಾಕ ಅಡ್ಡ ಬರ್ತಿತ್ತಕ್ಕಾ. ಜೆಸಿಬಿ ಹಚ್ಚಿ ಸಪಾಟ ಮಾಡಿಸಿದೆ" ಅಂದ ತಮ್ಮ.

"ಅವ್ವ ಎಲ್ಲಿ ಅದಾಳೋ?" ಎಂದು ಕೇಳಿದೆ.

ಅವನು ಒಂದು ಕಡೆ ಕೈ ತೋರಿಸಿದ. ಆಮೇಲೆ ಇನ್ನೊಂದು ಕಡೆ ತೋರಿಸಿದ.

ಈಗ ಚಪ್ಪಲಿಯ ಮಣ್ಣು ಕರಗಿ, ಮೆಟ್ಟಿಲಿಳಿದು ಗಟಾರದ ಕಡೆ ಹರಿಯತೊಡಗಿತು. ನಲ್ಲಿ ನಿಲ್ಲಿಸಿ, ಆ ಕಪ್ಪು ನೀರಿಗೆ ಅಂಗೈ ಅಡ್ಡವಿಟ್ಟು ಕೂತೆ.