ಹುಲ್ಲಿಗೆ ತೊಡಿಸಿದ ದಿಂಬಿನ ಚೀಲ

ನನ್ನ ನಾದಿನಿಗೆ ಬೀದಿಯವರು ಇಟ್ಟ ಹೆಸರು ಹುಲ್ಲಕ್ಕ. ಎಲ್ಲರ ದನ ಮೇಯುವ ಹುಲ್ಲುಗಾವಲಿಗೆ ಅವಳೇ ಕಾವಲು. ಒಳಗೆ ಹೋಗುವವರ ಸೀರೆ ಅಂಚು, ಪ್ಯಾಂಟಿನ ಮಡಿಕೆ ನೋಡದೆ ಗೇಟು ತೆಗೆದವಳಲ್ಲ. ನಮ್ಮ ಯಜಮಾನರು ಅವಳ ಒಡಹುಟ್ಟಿದ ಅಣ್ಣ. ಬದುಕಿದ್ದಷ್ಟು ದಿನ ಅವರನ್ನೂ ಬಿಡಲಿಲ್ಲ. ಜೈಲಿಗೆ ಹೋದರೂ ಇಷ್ಟು ತಪಾಸಣೆ ಇರಲಿಕ್ಕಿಲ್ಲ ಎಂದು ಗೊಣಗುತ್ತಲೇ ಅವರು ಕಾಲು ಝಾಡಿಸುತ್ತಿದ್ದರು.

ಇದಕ್ಕೆಲ್ಲ ಕಾರಣ ಎಲ್ಲಿಂದಲೋ ಬಂದ ಒಂದು ಹುಲ್ಲು. ನೋಡಲು ರೇಷ್ಮೆ ಕುಚ್ಚು, ಆದರೆ ದನ ಮೂಸುವುದಿಲ್ಲ. ಬೀಜ ಬಟ್ಟೆಗೆ ಅಂಟಿಕೊಂಡು ಬಂದು, ಬಿದ್ದಲ್ಲಿ ಬೇರೂರಿ ಒಳ್ಳೆಯ ಹುಲ್ಲಿನ ಕತ್ತು ಹಿಸುಕುತ್ತದೆ. ಹೊಳೆಯಾಚೆಯವರ ಹುಲ್ಲುಗಾವಲು ಹಾಗೇ ಹೋಯಿತು. ಗುರುತು ಸುಲಭ: ಎಲೆಯನ್ನು ಎರಡು ಬೆರಳ ನಡುವೆ ಹೊರಳಿಸಿದರೆ ನಮ್ಮ ಹುಲ್ಲು ಚಪ್ಪಟೆಯಾಗಿ ಸಿಕ್ಕಿಕೊಳ್ಳುತ್ತದೆ, ಆ ಹುಲ್ಲು ಹೊಲಿಗೆ ಸೂಜಿಯಂತೆ ಉರುಳುತ್ತದೆ.

ನಾದಿನಿಯ ಮಗಳ ಮದುವೆ ಮಾತಿಗೆ ಗಂಡಿನವರು ಬಂದರು. ಹುಡುಗ ಹುಡುಗಿ ಒಪ್ಪಿ ಆಗಿತ್ತು, ಹಿರಿಯರ ಹೂಂ ಒಂದು ಬಾಕಿ. ಹುಡುಗನ ತಾಯಿ ತಾವೇ ಬೆಳೆಸಿದ ಕುಂಡವನ್ನು ಉಡುಗೊರೆಯೆಂದು ಮೇಜಿನ ಮೇಲಿಟ್ಟರು. ಅದರ ತುಂಬ ರೇಷ್ಮೆ ಕುಚ್ಚು. ನಾದಿನಿ ನಗುತ್ತಲೇ ಒಂದು ಎಲೆ ಹೊರಳಿಸಿದಳು. ನಗು ಅಲ್ಲಿಗೇ ನಿಂತಿತು. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ದಿಂಬಿನ ಚೀಲ ತಂದು ಕುಚ್ಚಿನ ಮೇಲೆ ಮೆಲ್ಲಗೆ ಇಳಿಸಿ ದಾರ ಬಿಗಿದಳು.

"ನಾನು ತಂದಿದ್ದಕ್ಕೆ ಮುಸುಕಾ?" ಎಂದರು ಹುಡುಗನ ತಾಯಿ, ಮುಖ ಊದಿಸಿಕೊಂಡು. ಹುಡುಗಿ ನನ್ನ ಕೈ ಹಿಸುಕಿದಳು. ಸಂಬಂಧ ಮುರಿಯಿತು ಅಂದುಕೊಂಡೆ.

"ತಪ್ಪು ತಿಳೀಬೇಡಿ ಅಕ್ಕಾ," ಎಂದಳು ನಾದಿನಿ. "ಮಗಳನ್ನ ಬೇಕಾದ್ರೆ ಇವತ್ತೇ ಕರ್ಕೊಂಡು ಹೋಗಿ. ಇದರ ಬೀಜ ಆಚೆ ಹಾರಿದ್ರೆ ಬೀದಿಯವರ ದನಕ್ಕೆಲ್ಲ ಮೇವಿಲ್ಲ."

ಹುಡುಗನ ತಂದೆ ತಲೆ ಕೆರೆದುಕೊಂಡರು. "ಅದಕ್ಕೇ ನಮ್ಮ ಎಮ್ಮೆ ಬೇಲಿ ಹತ್ರ ಬಾಯಿ ಹಾಕ್ತಿರ್ಲಿಲ್ಲ. ನಾನು ಎಮ್ಮೆಗೇ ಕೊಬ್ಬು ಅಂದ್ಕೊಂಡಿದ್ದೆ."

ಹುಡುಗನ ತಾಯಿ ಗಂಡನನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. "ಬೇಲಿ ಉದ್ದಕ್ಕೂ ನೆಟ್ಟಿದ್ದೀನಲ್ಲ, ಅಷ್ಟೊಂದು ದಿಂಬಿನ ಚೀಲಕ್ಕೆ ಎಲ್ಲಿ ಹೋಗ್ಲಿ?"

ಕುಂಡದ ಹುಲ್ಲು ಚೀಲದ ಸಮೇತ ಹಿತ್ತಲ ಒಲೆ ಸೇರಿತು. ಮುಂದಿನ ವಾರ ನಾದಿನಿ ಗಂಡಿನ ಮನೆಗೆ ಹೋದದ್ದು ಮನೆ ನೋಡಲಲ್ಲ, ಹುಲ್ಲು ಕೀಳಲು. ಬೀಗಿತ್ತಿಯರಿಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಒಬ್ಬರು ಚೀಲ ತೊಡಿಸುವುದು, ಇನ್ನೊಬ್ಬರು ಬುಡಸಮೇತ ಎತ್ತುವುದು.

ಮದುವೆಯ ದಿನ ದಿಬ್ಬಣ ಹುಲ್ಲುಗಾವಲು ದಾಟಿ ಬರುವಾಗ ಅದರ ಗೇಟಿನಲ್ಲಿ ಮದುಮಗನನ್ನು ನಿಲ್ಲಿಸಿ ಪ್ಯಾಂಟಿನ ಮಡಿಕೆ ಬಿಚ್ಚಿ ನೋಡಿದ್ದು ಅತ್ತೆಯಲ್ಲ, ಅವನ ಹೆತ್ತ ತಾಯಿ.